ವಾಲ್ವ್ ತಿರುಗಿಸೋಕೆ ಎರಡು ನಿಮಿಷ, ಕರೆಂಟ್ ಕಾಯೋಕೆ ಇಡೀ ರಾತ್ರಿ

ನಮ್ಮ ಕಾಲೇಜಿನ ಯಾವ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೂ ಒಂದು ಮೇಜಿನ ಮೇಲೆ ಅದು ಇದ್ದೇ ಇರುತ್ತದೆ. ಒಂದು ಪ್ಲಾಸ್ಟಿಕ್ ಕುಂಡ, ಅದರಲ್ಲೊಂದು ತುಳಸಿ ಇಲ್ಲಾ ಮನಿ ಪ್ಲಾಂಟ್, ಮಣ್ಣಿಗೆ ಚುಚ್ಚಿದ ಎರಡು ಕಾಲಿನ ಸೆನ್ಸರ್, ಪಕ್ಕದಲ್ಲಿ ಆರ್ಡುಯಿನೋ, ರಿಲೇ, ಮೀನಿನ ತೊಟ್ಟಿಗೆ ಹಾಕುವಂಥ ಪುಟ್ಟ ಪಂಪು. ಸೆನ್ಸರ್ ಕಿತ್ತು ಒರೆಸಿದರೆ ಪಂಪ್ ಆನ್, ಒದ್ದೆ ಮಣ್ಣಿಗೆ ಚುಚ್ಚಿದರೆ ಆಫ್. ಹಿಂದೆ ಥರ್ಮೋಕೋಲ್ ಬೋರ್ಡಿನಲ್ಲಿ ಬಣ್ಣದ ಅಕ್ಷರ: ‘ಸ್ಮಾರ್ಟ್ ಇರಿಗೇಷನ್ ಸಿಸ್ಟಂ ಫಾರ್ ಸ್ಮಾಲ್ ಫಾರ್ಮರ್ಸ್’.

ಈ ಪ್ರಾಜೆಕ್ಟ್ ಮೇಲೆ ನಮಗೇನೂ ಸಿಟ್ಟಿಲ್ಲ. ರಿಲೇ ಹೇಗೆ ಕೆಲಸ ಮಾಡುತ್ತೆ ಅಂತ ಕಲಿಯೋಕೆ ಇದಕ್ಕಿಂತ ಸುಲಭದ ದಾರಿ ಸಿಗೋದು ಕಷ್ಟ. ನಮ್ಮ ತಕರಾರು ಇರೋದು ಬೋರ್ಡಿನ ಕೊನೇ ಮೂರು ಪದಗಳ ಬಗ್ಗೆ. ಯಾವ ಸಣ್ಣ ರೈತ? ಎಷ್ಟು ಎಕರೆ, ಯಾವ ಮಣ್ಣು, ಏನು ಬೆಳೆ? ಮೇಜಿನ ಹತ್ತಿರ ನಿಂತು ಹೀಗೆ ಕೇಳಿದರೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ: ‘ರೈತರಿಗೆ ಟೈಮ್ ಸೇವ್ ಆಗುತ್ತೆ, ನೀರು ಸೇವ್ ಆಗುತ್ತೆ.’ ಎಷ್ಟು ಟೈಮು, ಎಷ್ಟು ನೀರು ಅನ್ನೋ ಲೆಕ್ಕ ಯಾರೂ ಹಾಕಿರೋದಿಲ್ಲ. ಹಾಗಾಗಿ ನಾವೇ ಹಾಕಿ ನೋಡಿದ್ವಿ.

ಅದಕ್ಕೂ ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಹನಿ ನೀರಾವರಿ ಬೇರೆ, ಆಟೋಮೇಷನ್ ಬೇರೆ. ನಮ್ಮಲ್ಲಿ ಬಹಳ ಜನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡ್ತಾರೆ. ಡ್ರಿಪ್ ಅಂದ್ರೆ ನೀರು ಹೊಲಕ್ಕೆ ಹೋಗೋ ದಾರಿ. ಆಟೋಮೇಷನ್ ಅಂದ್ರೆ ಆ ದಾರಿಯನ್ನ ಯಾವಾಗ ತೆಗೀಬೇಕು, ಯಾವಾಗ ಮುಚ್ಚಬೇಕು ಅಂತ ಮನುಷ್ಯನ ಬದಲು ಯಂತ್ರ ನಿರ್ಧರಿಸೋದು. ಇಸ್ರೇಲಿನ ಹಟ್ಜೆರಿಂ ಎಂಬಲ್ಲಿ 1965ರಲ್ಲಿ ನೆಟಾಫಿಮ್ ಶುರುವಾದಾಗ ಅದರ ಡ್ರಿಪ್ಪರಿನೊಳಗೆ ಯಾವ ಚಿಪ್ಪೂ ಇರಲಿಲ್ಲ. ನೀರು ಸುತ್ತಿ ಬಳಸಿ ಹರಿಯುವ ಸಣ್ಣ ಪ್ಲಾಸ್ಟಿಕ್ ದಾರಿ, ಅದರಲ್ಲಿ ಒತ್ತಡ ಕಳಕೊಂಡು ಕೊನೆಗೆ ಹನಿಯಾಗಿ ಬೀಳೋದು, ಅಷ್ಟೇ. ನೀರು ಉಳಿಸೋದು ಆ ಪ್ಲಾಸ್ಟಿಕ್ಕು. ಆದರೆ ಹೊಗಳಿಕೆ ಮಾತ್ರ ಮೈಕ್ರೋಕಂಟ್ರೋಲರ್‌ಗೆ ಹೋಗ್ತಿದೆ.

ಈಗ ಲೆಕ್ಕ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್. ಎರಡು ಇಂಚು ನೀರು, ಅಂದಾಜು 50 ಮಿಲಿಮೀಟರ್, ಒಂದು ಎಕರೆಗೆ ಕೊಡಬೇಕಂದ್ರೆ ಎರಡು ಲಕ್ಷ ಲೀಟರ್ ಬೇಕು. ಸಾಲಿನಲ್ಲಿ ನೀರು ಹಾಯಿಸಿದರೆ ಅದರಲ್ಲಿ ಸುಮಾರು ಶೇ 60 ಮಾತ್ರ ಬೇರಿಗೆ ದಕ್ಕುತ್ತೆ, ಡ್ರಿಪ್ ಆದ್ರೆ ಶೇ 90 ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಅಂದರೆ ಸಾಲು ನೀರಾವರಿಗೆ ಪಂಪ್ ಎತ್ತಬೇಕಾದ್ದು ಹತ್ತಿರ ಹತ್ತಿರ 3.4 ಲಕ್ಷ ಲೀಟರ್. 5 ಎಚ್‌ಪಿ ಮೋಟರು ಸೆಕೆಂಡಿಗೆ 5 ಲೀಟರ್ ಎತ್ತುತ್ತೆ ಅಂತ ಇಟ್ಕೊಳ್ಳಿ (ಒಳ್ಳೇ ಬೋರ್ ಇದ್ದರೆ). ಗಂಟೆಗೆ 18,000 ಲೀಟರ್. ಒಂದೇ ಒಂದು ಎಕರೆಗೆ ಸುಮಾರು 19 ಗಂಟೆ. ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟ್ ಅಂದ್ರೆ ಹತ್ತಿರ ಹತ್ತಿರ ಮೂರು ದಿನ. ಆ ಮೂರು ದಿನವೂ ಒಬ್ಬರು ಸಲಿಕೆ ಹಿಡಿದು, ಒಂದು ಸಾಲು ತುಂಬಿದ ಮೇಲೆ ಅದರ ಬಾಯಿಗೆ ಮಣ್ಣು ಕಟ್ಟಿ ಮುಂದಿನ ಸಾಲು ಒಡೀತಾ ನಿಂತಿರಬೇಕು.

ಅದೇ ಎಕರೆಗೆ ಡ್ರಿಪ್ ಹಾಕಿದರೆ? ಬೆಳೆ ಜೋರಾಗಿ ಬೆಳೆಯೋ ಸಮಯದಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಅಂತ ಹಿಡಿದರೆ, ಪಂಪು ಎತ್ತಬೇಕಾದ್ದು 22,500 ಲೀಟರ್. ಒಂದೂಕಾಲು ಗಂಟೆ. ಹತ್ತು ದಿನಕ್ಕೆ ಹನ್ನೆರಡೂವರೆ ಗಂಟೆ, ಸಾಲು ನೀರಾವರಿಯ 19 ಗಂಟೆಗೆ ಬದಲು. ಮೂರರಲ್ಲಿ ಒಂದು ಪಾಲು ನೀರು ಉಳೀತು, ಸಲಿಕೆ ಹಿಡಿದು ನಿಲ್ಲೋದು ತಪ್ಪಿತು. ಇದು ಸಣ್ಣ ಲಾಭ ಅಲ್ಲ. ಆದರೆ ಇಲ್ಲಿವರೆಗೂ ಒಂದು ಸೆನ್ಸರೂ ಬಂದಿಲ್ಲ ಅನ್ನೋದನ್ನ ಗಮನಿಸಿ. ಇದರ ಮೇಲೆ ಆಟೋಮೇಷನ್ ಹಾಕಿದರೆ ಇನ್ನೂ ಎಷ್ಟು ಉಳಿಯುತ್ತೆ? ಎರಡು ಎಕರೆಗೆ ನಾಲ್ಕು ಗೇಟ್‌ವಾಲ್ವ್ ಇದ್ದರೆ, ಒಂದನ್ನ ಮುಚ್ಚಿ ಇನ್ನೊಂದನ್ನ ತೆಗೆಯೋಕೆ ಎರಡು ನಿಮಿಷ. ದಿನಕ್ಕೆ ಮೂರು ಸಲ. ಒಟ್ಟು ಆರು ನಿಮಿಷ, ನಡೆದು ಹೋಗೋ ಹೊತ್ತೂ ಸೇರಿಸಿ ಅರ್ಧ ಗಂಟೆ ಅನ್ನಿ. ಈ ಅರ್ಧ ಗಂಟೆ ಉಳಿಸೋಕೆ ನಾಲ್ಕು ಸೊಲೆನಾಯ್ಡ್ ವಾಲ್ವ್, ಕಂಟ್ರೋಲರ್, ವೈರು, ಬ್ಯಾಟರಿ, ಸೆನ್ಸರ್, ಸಿಮ್, ಸಿಮ್ಮಿಗೆ ರೀಚಾರ್ಜ್. ದೊಡ್ಡ ದ್ರಾಕ್ಷಿ ತೋಟದಲ್ಲಿ ಐವತ್ತು ವಾಲ್ವ್ ಇರೋ ಕಡೆ ಇದಕ್ಕೆ ಅರ್ಥ ಇದೆ. ನಾಲ್ಕು ವಾಲ್ವಿಗೆ ಕೈ ಸಾಕು.

ಹಾಗಾದ್ರೆ ಸಣ್ಣ ರೈತನಿಗೆ ಆಟೋಮೇಷನ್ನೇ ಬೇಡವಾ? ಹಾಗಂತ ನಾವು ಹೇಳ್ತಿಲ್ಲ. ನೀರಾವರಿಯಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಇವತ್ತು ನೀರು ಬೇಕಾ, ಎಷ್ಟು ಬೇಕು ಅಂತ ಹೊಲ ನೋಡಿ ತೀರ್ಮಾನಿಸೋದು ಒಂದು. ಕರೆಂಟ್ ಬರೋ ತನಕ ಕಾದು, ಮೋಟರ್ ಚಾಲೂ ಮಾಡಿ, ಕರೆಂಟ್ ಹೋದಾಗ ಮತ್ತೆ ಎದ್ದು ಹೋಗೋದು ಇನ್ನೊಂದು. ನಮ್ಮ ಪ್ರಾಜೆಕ್ಟುಗಳೆಲ್ಲ ಮೊದಲನೇ ಕೆಲಸವನ್ನ ರೈತನ ಕೈಯಿಂದ ತಗೊಳ್ಳೋಕೆ ಹೊರಟಿವೆ. ರೈತ ಕೊಡೋಕೆ ತಯಾರಿರೋದು ಎರಡನೇದನ್ನ.

ಇದು ನಮಗೆ ಹೊಳೆದದ್ದು ಲ್ಯಾಬಿನಲ್ಲಲ್ಲ. ನಮ್ಮ ಗುಂಪಿನ ಒಬ್ಬಳ ಊರು ಜೇವರ್ಗಿ ತಾಲ್ಲೂಕಿನ ಅಂದೋಲಾ. ಕಲಬುರಗಿಯಿಂದ ಭೀಮಾ ನದಿ ದಾಟಿ ಹೋಗಬೇಕು. ದೀಪಾವಳಿ ರಜೆಯಲ್ಲಿ ನಾಲ್ಕು ಜನ ಹೋಗಿದ್ವಿ, ಹಬ್ಬದೂಟಕ್ಕೇ ಅನ್ನಿ. ಆಗ ತೊಗರಿ ಹೂವಾಡ್ತಿತ್ತು, ಹೊಲ ಪೂರ್ತಿ ಹಳದಿ. ನಮ್ಮಲ್ಲಿ ಇಬ್ಬರು ಬೆಂಗಳೂರಿನಲ್ಲಿ ಬೆಳೆದವರು, ತೊಗರಿ ಅಂದ್ರೆ ಬೇಳೆಯ ಪ್ಯಾಕೆಟ್ ಮಾತ್ರ ನೋಡಿದವರು. (ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅನ್ನೋದನ್ನ ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಓದಿದ್ವಿ.) ಅವಳ ಕಾಕಾಗೆ ನಾಲ್ಕು ಎಕರೆ ಎರೆ ಹೊಲ, ಒಂದು ಬೋರು. ಒಂದು ಎಕರೆ ಮೆಣಸಿನಕಾಯಿಗೆ ಡ್ರಿಪ್ ಇದೆ, ಉಳಿದದ್ದು ತೊಗರಿ ಮತ್ತು ಹತ್ತಿ.

ನಾವು ಫೋನಿನಲ್ಲಿ ನಮ್ಮ ಸೀನಿಯರ್‌ಗಳ ಸೆನ್ಸರ್ ಪ್ರಾಜೆಕ್ಟಿನ ವಿಡಿಯೋ ತೋರಿಸಿದ್ವಿ. ಕಾಕಾ ಪೂರ್ತಿ ನೋಡಿದ್ರು. ‘ಛಲೋ ಅದ’ ಅಂದ್ರು. ಆಮೇಲೆ ಕೇಳಿದ್ರು: ‘ಇದು ಒಂದೇ ಕಡಿ ಚುಚ್ಚೀರಿ. ಹೊಲದಾಗ ಮ್ಯಾಲಿನ ಬದಿ ಬ್ಯಾರೆ, ತೆಳಗಿನ ಬದಿ ಬ್ಯಾರೆ. ನಾ ಎರಡೂ ಕಡಿ ಹೋಗಿ ನೋಡ್ತೀನಿ. ಇದು ಹ್ಯಾಂಗ ನೋಡ್ತದ?’

‘ಎರಡು ಸೆನ್ಸರ್ ಹಾಕಬಹುದು ಕಾಕಾ’ ಅಂದ ನಮ್ಮವನೊಬ್ಬ.

‘ಹಾಕ್ರಿ. ಮತ್ತ ಎಡಿ ಹೊಡೀಲಾಕ ಎತ್ತು ಇಳಿಸಿದ್ರ ಅವು ಉಳಿತಾವೇನು?’

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹಾಗಾದ್ರೆ ನಿಮಗೆ ಏನು ಬೇಕು ಅಂತ ಕೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ರಾತ್ರಿ ನಿದ್ದಿ ಬೇಕು ನೋಡ್ರಿ. ಒಂದು ವಾರ ಹಗಲ ಕರೆಂಟ್, ಒಂದು ವಾರ ರಾತ್ರಿ. ರಾತ್ರಿ ಪಾಳಿ ಬಂದ್ರ ಹನ್ನೊಂದಕ್ಕ ಬರ್ತದೋ ಎರಡಕ್ಕ ಬರ್ತದೋ. ಬ್ಯಾಟರಿ ಹಿಡಕೊಂಡು ಹೋಗಬೇಕು. ಹುಳಾ-ಹುಪ್ಪಡಿ ಇರ್ತಾವ.’

ಹುಳಾ ಅಂದ್ರೆ ಇಲ್ಲಿ ಹಾವು. ರಾತ್ರಿ ಹೊತ್ತು ಹಾವಿನ ಹೆಸರು ಹೇಳಬಾರದಂತೆ. ರಾತ್ರಿ ನೀರು ಹಾಯಿಸೋಕೆ ಹೋದ ರೈತ ಹಾವು ಕಚ್ಚಿ ಸತ್ತ, ತೇವದ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಸತ್ತ ಅನ್ನೋ ಸುದ್ದಿ ಜಿಲ್ಲಾ ಪುಟಗಳಲ್ಲಿ ಒಂದು ಕಾಲಂನಲ್ಲಿ ಬಂದು ಹೋಗುತ್ತೆ. ಆಟೋಮೇಷನ್ ಬೇಕಾಗಿರೋದು ಈ ಜಾಗದಲ್ಲಿ. ಕುಂಡದ ತುಳಸಿ ಹತ್ತಿರ ಅಲ್ಲ.

ಕಾಕಾ ಸೆನ್ಸರ್ ಬಗ್ಗೆ ಕೇಳಿದ ಪ್ರಶ್ನೆಯನ್ನ ವಾಪಸ್ ಬಂದ ಮೇಲೆ ಸ್ವಲ್ಪ ಓದಿ ನೋಡಿದ್ವಿ. ಅವರು ಹೇಳಿದ್ದಕ್ಕಿಂತ ಸಮಸ್ಯೆ ದೊಡ್ಡದೇ ಇದೆ. ಎರೆ ಮಣ್ಣು, ಅಂದ್ರೆ ಕಪ್ಪು ಮಣ್ಣು, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತೆ, ನೆನೆದಾಗ ಉಬ್ಬುತ್ತೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಕೈ ತೂರಿಸಬಹುದು. ಮಣ್ಣು ಕುಗ್ಗಿದಾಗ ಸೆನ್ಸರ್ ಸುತ್ತ ಗಾಳಿಯ ಸಂದು ಉಂಟಾಗುತ್ತೆ. ಸೆನ್ಸರ್ ಆಗ ಅಳೆಯೋದು ಗಾಳಿಯನ್ನ. ಕೆಳಗೆ ಬೇರಿನ ಹತ್ತಿರ ಹಸಿ ಇದ್ದರೂ ‘ಒಣಗಿದೆ, ನೀರು ಬಿಡು’ ಅನ್ನುತ್ತೆ. ನಾವು ನೂರಿನ್ನೂರು ರೂಪಾಯಿಗೆ ತರಿಸೋ ಎರಡು ಕಾಲಿನ ರೆಸಿಸ್ಟಿವ್ ಸೆನ್ಸರ್ ಇನ್ನೂ ಪಾಪದ್ದು. ಅದರ ಲೋಹ ಒದ್ದೆ ಮಣ್ಣಲ್ಲಿ ಕರೆಂಟ್ ಹರಿದು ಹರಿದು ಸವೆದು ಹೋಗುತ್ತೆ, ಮಣ್ಣಿನಲ್ಲಿ ಉಪ್ಪು ಹೆಚ್ಚಿದ್ದರೆ ಅದನ್ನೂ ನೀರು ಅಂತಲೇ ಓದುತ್ತೆ.

ಇನ್ನು ಆ ‘ಥ್ರೆಶೋಲ್ಡ್’. ಯೂಟ್ಯೂಬ್ ನೋಡಿ ನಾವು ಕೋಡಿನಲ್ಲಿ ಒಂದು ಸಂಖ್ಯೆ ಹಾಕ್ತೀವಲ್ಲ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಶೇ 20 ತೇವ ಅಂದ್ರೆ ಬೆಳೆಗೆ ಬೇಕಾದಷ್ಟು ನೀರಿದೆ ಅಂತ ಅರ್ಥ. ಎರೆ ಮಣ್ಣಿನಲ್ಲಿ ಅದೇ ಶೇ 20 ಇದ್ದರೆ ಬೆಳೆ ಬಾಡ್ತಿರುತ್ತೆ, ಯಾಕಂದ್ರೆ ಆ ನೀರನ್ನ ಜೇಡಿ ಕಣಗಳು ಬಿಗಿಯಾಗಿ ಹಿಡಿದಿರುತ್ತವೆ, ಬೇರಿಗೆ ಬಿಟ್ಟುಕೊಡೋದಿಲ್ಲ. ಕೋಲಾರದ ಕೋಡನ್ನ ಕಲಬುರಗಿಗೆ ಕಾಪಿ ಪೇಸ್ಟ್ ಮಾಡೋಕೆ ಆಗಲ್ಲ.

ಸೆನ್ಸರ್‌ಗೆ ಗೊತ್ತಿಲ್ಲದ ಇನ್ನೊಂದು ವಿಷಯ ಅಂದ್ರೆ ಗಿಡದ ವಯಸ್ಸು. ತೊಗರಿಗೆ ನೀರು ಬೇಕೇ ಬೇಕಾದದ್ದು ಹೂವಾಡುವಾಗ ಮತ್ತೆ ಕಾಯಿ ತುಂಬುವಾಗ. ಬುಡದಲ್ಲಿ ನೀರು ನಿಂತರೆ ಅದಕ್ಕೆ ಆಗಿಬರೋದಿಲ್ಲ, ಬೇರು ಕೊಳೆಯುತ್ತೆ. 2022–23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದು ಹೊಲಕ್ಕೆ ಹೊಲವೇ ಒಣಗಿದ್ದು ನೆನಪಿರಬಹುದು. ಮರುವರ್ಷ, 2023ರಲ್ಲಿ, ಮಳೆಯೇ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತು. ಇಂಥ ಸೀಮೆಯಲ್ಲಿ ಎರಡು ಸಲ ನೀರು ಸರಿಯಾದ ಹೊತ್ತಿಗೆ ಕೊಡೋದೇ ನೀರಾವರಿ. ಆ ಎರಡು ದಿನ ಯಾವುದು ಅಂತ ಹೇಳೋಕೆ ಗಿಡ ನೋಡಬೇಕು.

ಇದಕ್ಕೆಲ್ಲ ಸೇರಿ ಕನ್ನಡದಲ್ಲಿ ಒಂದು ಪದ ಇದೆ: ಹದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ‘ಸಾಯಿಲ್ ಮಾಯಿಶ್ಚರ್’ ಅನ್ನೋದು ಬಾಯಿಪಾಠ, ‘ಹದ’ ಅನ್ನೋದು ಮಾತ್ರ ಚಪಾತಿ ಹಿಟ್ಟಿಗೆ ಸೇರಿದ ಪದ ಅನ್ನೋ ಭಾವನೆ. ಕಾಕಾ ಒಂದು ಗೇಣು ಅಗೆದು, ಒಂದು ಹಿಡಿ ಮಣ್ಣು ತಗೊಂಡು ಮುಷ್ಟಿಯಲ್ಲಿ ಒತ್ತಿ, ಉಂಡೆ ಆಯ್ತಾ, ಒಡೀತಾ, ಬೆರಳಿಗೆ ಮೆತ್ತಿತಾ ನೋಡಿ ‘ಇನ್ನ ನಾಕು ದಿನ ತಡೀತದ’ ಅಂದ್ರು. ಇದು ಹಳ್ಳಿ ನಂಬಿಕೆ ಅಲ್ಲ ಮಾರಾಯ್ರೆ. ಅಮೆರಿಕದ ಕೃಷಿ ಇಲಾಖೆಯ ಕೈಪಿಡಿಗಳಲ್ಲೂ ‘ಫೀಲ್ ಅಂಡ್ ಅಪಿಯರೆನ್ಸ್ ಮೆಥಡ್’ ಅನ್ನೋ ಹೆಸರಲ್ಲಿ, ಯಾವ ಮಣ್ಣಿನ ಉಂಡೆ ಹೇಗಿದ್ದರೆ ಎಷ್ಟು ತೇವ ಅಂತ ಚಿತ್ರ ಸಮೇತ ಇದೆ. ಕಾಕಾಗೆ ಕೈಪಿಡಿ ಬೇಕಾಗಿಲ್ಲ ಅಷ್ಟೇ. ಅವರು ಹೇಗೂ ದಿನಾ ಹೊಲಕ್ಕೆ ಹೋಗ್ತಾರೆ, ಕಳೆ, ಹುಳ, ಹಂದಿ ಬಂದ ಗುರುತು ಎಲ್ಲ ನೋಡ್ತಾರೆ. ಆ ತಿರುಗಾಟದಲ್ಲಿ ಹದ ನೋಡೋದಕ್ಕೆ ಪ್ರತ್ಯೇಕ ಖರ್ಚಿಲ್ಲ.

ಈಗ ಎರಡನೇ ಕೆಲಸಕ್ಕೆ ಬರೋಣ: ಕರೆಂಟ್ ಕಾಯೋದು. ಇಲ್ಲಿ ರೈತರು ನಮಗೋಸ್ಕರ ಕಾದು ಕೂತಿಲ್ಲ. ಹಳ್ಳಿಗಳಲ್ಲಿ ‘ಆಟೋ ಸ್ವಿಚ್’ ಬಂದು ಎಷ್ಟೋ ವರ್ಷ ಆಯ್ತು. ತ್ರೀಫೇಸ್ ಬಂದ ಕೂಡಲೇ ಮೋಟರ್ ತಾನೇ ಚಾಲೂ ಆಗೋ ಹಾಗೆ ಸ್ಟಾರ್ಟರ್‌ಗೆ ಸೇರಿಸೋ ಸಣ್ಣ ಪೆಟ್ಟಿಗೆ. ಫೋನ್ ಮಾಡಿ ಮೋಟರ್ ಆನ್ ಮಾಡೋ ಸಾಧನಗಳೂ ಇವೆ. ಪುಣೆಯಿಂದ ಬಂದ ‘ನ್ಯಾನೋ ಗಣೇಶ್’ ಇದರಲ್ಲಿ ಹೆಸರಾದದ್ದು. ಅಂದರೆ ರೈತರು ಸ್ವತಃ ದುಡ್ಡು ಕೊಟ್ಟು ಆರಿಸಿಕೊಂಡ ಆಟೋಮೇಷನ್ ಯಾವುದು ಅಂತ ನೋಡಿದರೆ, ಅದು ಸೆನ್ಸರ್ ಅಲ್ಲ, ಸ್ಟಾರ್ಟರ್. ನಮ್ಮ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ.

ಆದರೆ ಇದರಲ್ಲಿ ಒಂದು ಗಂಡಾಂತರ ಇದೆ, ಎಲೆಕ್ಟ್ರಿಕಲ್ ಬ್ರಾಂಚಿನವರು ಇಲ್ಲಿ ಕಿವಿ ಕೊಡಬೇಕು. ಒಂದು 63 ಕೆವಿಎ ಟ್ರಾನ್ಸ್‌ಫಾರ್ಮರ್ ಮೇಲೆ ಹತ್ತು ಪಂಪ್‌ಸೆಟ್ ಇವೆ ಅನ್ನಿ, ಎಲ್ಲ 5 ಎಚ್‌ಪಿ. ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡಿನಲ್ಲಿ ಕೊಡಬಲ್ಲ ಕರೆಂಟ್ 84 ಆಂಪಿಯರ್. ಓಡ್ತಿರೋ ಒಂದು ಮೋಟರ್ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತೆ, ಹತ್ತಕ್ಕೆ 75. ಸರಿಯಾಗೇ ಇದೆ. ಆದರೆ ನೇರವಾಗಿ ಚಾಲೂ ಮಾಡಿದಾಗ ಇಂಡಕ್ಷನ್ ಮೋಟರ್ ಆರು ಪಟ್ಟು ಎಳೆಯುತ್ತೆ ಅಂತ ನಾವೇ ಪರೀಕ್ಷೆಯಲ್ಲಿ ಬರೆದಿದ್ದೀವಲ್ಲ. ಕೈಯಲ್ಲಿ ಚಾಲೂ ಮಾಡೋವಾಗ ಒಬ್ಬ ಈಗ ಬರ್ತಾನೆ, ಇನ್ನೊಬ್ಬ ಹತ್ತು ನಿಮಿಷ ಬಿಟ್ಟು ಬರ್ತಾನೆ, ತೊಂದರೆ ಇಲ್ಲ. ಹತ್ತೂ ಮೋಟರಿಗೆ ಆಟೋ ಸ್ವಿಚ್ ಇದ್ದರೆ? ಕರೆಂಟ್ ಬಂದ ಅದೇ ಕ್ಷಣಕ್ಕೆ ಹತ್ತೂ ಒಟ್ಟಿಗೆ ಎಳೆಯುತ್ತವೆ, 450 ಆಂಪಿಯರ್. ವೋಲ್ಟೇಜ್ ಕುಸಿಯುತ್ತೆ, ಕುಸಿದಾಗ ಮೋಟರುಗಳು ವೇಗಕ್ಕೆ ಬರೋಕೆ ಇನ್ನೂ ಹೊತ್ತು ತಗೊಳ್ಳುತ್ತವೆ, ಅಷ್ಟೂ ಹೊತ್ತು ಕಾಯಿಲ್ ಕಾಯುತ್ತೆ. ವಿದ್ಯುತ್ ಕಂಪನಿಗಳು ಆಟೋ ಸ್ವಿಚ್ ಬೇಡ ಅನ್ನೋದು ಇದಕ್ಕೇ. ಟಿಸಿ ಸುಟ್ಟರೆ (ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್‌ಗೆ ಟಿಸಿ ಅಂತಾರೆ) ಬೇರೆಯದು ಬಂದು ಕೂರೋ ತನಕ ಹತ್ತೂ ಹೊಲ ಒಣಗುತ್ತವೆ, ಆಟೋ ಸ್ವಿಚ್ ಹಾಕದವನ ಹೊಲವೂ ಸೇರಿ.

ನಿದ್ದೆಗೋಸ್ಕರ ಹಾಕಿದ ಪೆಟ್ಟಿಗೆ ಊರಿನ ಟಿಸಿ ಸುಡಬಹುದು ಅಂದ್ರೆ, ಅದನ್ನ ತೆಗೆದುಹಾಕಿ ಅಂತ ರೈತನಿಗೆ ಹೇಳೋದು ನ್ಯಾಯವಲ್ಲ. ಅದಕ್ಕೆ ಪರಿಹಾರ ನಮ್ಮ ಮೂರನೇ ಸೆಮಿಸ್ಟರಿನ ಲ್ಯಾಬಿನಲ್ಲೇ ಇದೆ. ಕರೆಂಟ್ ಬಂದ ಮೇಲೆ ಪ್ರತಿ ಸ್ಟಾರ್ಟರ್ ಒಂದೊಂದು ಬೇರೆ ಹೊತ್ತು ಕಾಯಲಿ, ಒಂದು ನಲವತ್ತು ಸೆಕೆಂಡು, ಇನ್ನೊಂದು ಮೂರು ನಿಮಿಷ, ಮತ್ತೊಂದು ಏಳು. ಒಂದು ಟೈಮರ್, ಅದರಲ್ಲಿ ಒಂದು ರ‍್ಯಾಂಡಮ್ ಸಂಖ್ಯೆ. ಅದರ ಜೊತೆಗೆ ಬೋರ್ ಬತ್ತಿದಾಗ ನಿಲ್ಲಿಸೋ ವ್ಯವಸ್ಥೆ ಇರಲಿ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರೋದು ಸುತ್ತಲಿನ ನೀರಿನಿಂದಲೇ, ನೀರು ಬಾರದೆ ಓಡಿದರೆ ಸುಟ್ಟು ಹೋಗುತ್ತೆ, ಮೇಲೆತ್ತಿ ರಿವೈಂಡಿಂಗ್ ಮಾಡಿಸೋ ಖರ್ಚಿನಲ್ಲಿ ಒಂದು ಬೆಳೆಯ ಲಾಭ ಮುಗೀತು. ಇಷ್ಟು ನೀರು ಬಿಟ್ಟಾದ ಮೇಲೆ ನಿಲ್ಲಿಸು ಅನ್ನೋ ಟೈಮರೂ ಬೇಕು, ಯಾಕಂದ್ರೆ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಆಟೋ ಸ್ವಿಚ್ ಹಾಕಿ ಮಲಗಿದವನ ಮೋಟರು ಏಳು ಗಂಟೆಯೂ ಓಡುತ್ತೆ, ಬೇಕಿರಲಿ ಬೇಡವಾಗಿರಲಿ. ಕೈಯಲ್ಲಿ ಚಾಲೂ ಮಾಡೋನು ಸಾಕಾದಾಗ ಬಂದ್ ಮಾಡ್ತಾನೆ. ಈ ಒಂದು ವಿಷಯದಲ್ಲಿ ಆಟೋಮೇಷನ್ ನೀರು ಉಳಿಸೋದರ ಬದಲು ಪೋಲು ಮಾಡುತ್ತೆ.

ಇದೆಲ್ಲ ಬೇಡ, ಹಗಲೇ ಕರೆಂಟ್ ಕೊಟ್ಟುಬಿಡಲಿ ಅಂತ ನೀವು ಹೇಳಬಹುದು. ನಿಜ, ಅದೇ ಮೊದಲನೇ ಪರಿಹಾರ. 2019ರಲ್ಲಿ ಶುರುವಾದ ಪಿಎಂ-ಕುಸುಮ್ ಯೋಜನೆಯಲ್ಲಿ ರೈತನಿಗೆ ಸೋಲಾರ್ ಪಂಪ್ ಕೊಡೋದೂ ಇದೆ, ಪಂಪ್‌ಸೆಟ್‌ಗಳ ಫೀಡರ್‌ಗೇ ಸೋಲಾರ್ ಸೇರಿಸೋದೂ ಇದೆ. ಸೂರ್ಯ ರಾತ್ರಿ ಪಾಳಿ ಮಾಡೋದಿಲ್ಲವಾದ್ದರಿಂದ ನೀರು ತಾನಾಗೇ ಹಗಲಿಗೆ ಬರುತ್ತೆ. ಅದು ಎಲ್ಲರಿಗೂ ಮುಟ್ಟಿದ ದಿನ ನಮ್ಮ ರ‍್ಯಾಂಡಮ್ ಟೈಮರ್ ಮೂಲೆಗೆ ಹೋದರೆ ನಮಗೇನೂ ಬೇಜಾರಿಲ್ಲ. ಮುಟ್ಟೋ ತನಕ ಕಾಕಾ ಎಚ್ಚರ ಇರಬೇಕಲ್ಲ.

ನಾವು ಆಟೋಮೇಷನ್ ವಿರೋಧಿಗಳು ಅಂತ ಯಾರಾದ್ರೂ ಅಂದುಕೊಂಡಿದ್ದರೆ ನಾರಾಯಣಪುರದ ಕಡೆ ನೋಡಿ. ಅಲ್ಲಿನ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯನ್ನ ನವೀಕರಿಸಿ, ಗೇಟುಗಳಿಗೆ ಸ್ಕಾಡಾ ಅಳವಡಿಸಿ, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ್ರು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್. ಇದರ ಶಾಖಾ ಕಾಲುವೆಗಳಲ್ಲಿ ಒಂದರ ಹೆಸರೇ ಜೇವರ್ಗಿ ಶಾಖಾ ಕಾಲುವೆ. ಇಲ್ಲಿ ಆಟೋಮೇಷನ್ ಬೇಕೇ ಬೇಕು ಅನ್ನೋದು ನಮ್ಮ ಅಭಿಪ್ರಾಯ. ಯಾಕಂದ್ರೆ ಇಷ್ಟುದ್ದದ ಕಾಲುವೆಯ ಎರಡೂ ತುದಿಯನ್ನ ಒಬ್ಬ ಮನುಷ್ಯ ನೋಡೋಕೆ ಆಗಲ್ಲ. ಮೇಲೊಂದು ಗೇಟ್ ತೆಗೆದರೆ ಕೆಳಗೆ ನೀರು ಏರೋಕೆ ಗಂಟೆಗಟ್ಟಲೆ ಬೇಕು. ಜೊತೆಗೆ ಗೇಟಿನ ಹತ್ತಿರ ನಿಂತ ನೌಕರನ ಮೇಲೆ ಮೇಲ್ಭಾಗದ ದೊಡ್ಡವರ ಒತ್ತಡ ಬೇರೆ. ಮೇಲ್ಭಾಗದಲ್ಲಿ ಭತ್ತ ಹಾಕಿ ನೀರು ನಿಲ್ಲಿಸಿಕೊಂಡರೆ ಕೊನೇ ಭಾಗಕ್ಕೆ ಹನಿ ಬರೋದಿಲ್ಲ ಅನ್ನೋದು ಆ ಕಡೆಯ ಹಳೇ ಜಗಳ. ಎಷ್ಟು ನೀರು ಎಲ್ಲಿ ಹೋಯ್ತು ಅಂತ ಯಂತ್ರ ಬರೆದಿಟ್ಟರೆ ಜಗಳಕ್ಕೆ ಕನಿಷ್ಠ ಒಂದು ಲೆಕ್ಕ ಸಿಗುತ್ತೆ.

ಅಂದಹಾಗೆ ಆ ಲೆಕ್ಕ ಸಿಗಬೇಕಾದ್ದು ಕಂಟ್ರೋಲ್ ರೂಮಿನ ಪರದೆಗೆ ಮಾತ್ರ ಅಲ್ಲ. ‘ನಿಮ್ಮ ವಿತರಣಾ ಕಾಲುವೆಗೆ ಇವತ್ತು ಇಷ್ಟು ನೀರು ಬಿಡಲಾಗಿದೆ’ ಅಂತ ನೀರು ಬಳಕೆದಾರರ ಸಂಘದ ಸದಸ್ಯರ ಫೋನಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹೋಗಬೇಕು. ನಮ್ಮ ಕಂಪ್ಯೂಟರ್ ಸೈನ್ಸ್‌ನವರು ಒಂದು ವಾರಾಂತ್ಯದಲ್ಲಿ ಬರೆಯೋ ಪ್ರೋಗ್ರಾಂ ಅದು. ತೂಬಿನಿಂದ ಕೆಳಗೆ ಹೇಗೂ ಮಣ್ಣಿನ ಹೊಲಗಾಲುವೆ, ಸಲಿಕೆ, ಪಾಳಿ, ಮಾತುಕತೆ. ಅಲ್ಲಿ ರೈತ ಒಡ್ಡಿನ ಮೇಲೆ ನಿಂತರೆ ಹೊಲದ ನಾಲ್ಕೂ ಮೂಲೆ ಕಾಣುತ್ತೆ.

ಯಂತ್ರವನ್ನ ಹೊಲದ ತನಕ ತಂದುಬಿಟ್ಟರೆ ಏನಾಗುತ್ತೆ ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ 24,000 ಹೆಕ್ಟೇರಿಗೆ ಸಾಮೂಹಿಕ ಹನಿ ನೀರಾವರಿ ಯೋಜನೆ ಮಾಡಿದ್ರು, ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾಯ್ತು. ಪೈಪು, ಫಿಲ್ಟರು, ಸ್ವಯಂಚಾಲಿತ ನಿಯಂತ್ರಣ ಎಲ್ಲ ಇದ್ದವು. ಆಮೇಲೆ ಬಂದ ವರದಿಗಳಲ್ಲಿ, ಪೈಪು ಹೊಲ ಮುಟ್ಟಿದ್ದರೂ ಬಹಳ ರೈತರು ಅದನ್ನ ಬಳಸ್ತಿಲ್ಲ ಅಂತ ಇತ್ತು. ಕಾರಣಗಳ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಮಗೆ ಅನ್ನಿಸೋದು ಇಷ್ಟು: ನೀರು ಯಾವಾಗ ಬರುತ್ತೆ ಅನ್ನೋದು ತನ್ನ ಕೈಯಲ್ಲಿಲ್ಲದ ಪೈಪನ್ನ ನಂಬಿ ರೈತ ಬೆಳೆ ಬದಲಿಸೋದಿಲ್ಲ. ಬೋರಿನ ಮೇಲೆ ಇರೋ ಭರವಸೆ ಪೈಪಿನ ಮೇಲೆ ಬರಬೇಕಾದ್ರೆ ಕೆಲವು ವರ್ಷವಾದರೂ ಅದು ಹೇಳಿದ ಹೊತ್ತಿಗೆ ನೀರು ಕೊಟ್ಟಿರಬೇಕು.

ಹಾಗಂತ ಸಣ್ಣ ಹೊಲಕ್ಕೆ ಪೂರ್ತಿ ಆಟೋಮೇಷನ್ ಎಂದೂ ಬೇಡ ಅನ್ನೋದೂ ಸರಿಯಲ್ಲ. ಜೇವರ್ಗಿ, ಆಳಂದ, ಅಫಜಲಪುರದ ಹಳ್ಳಿಗಳಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯೋಕೆ ಹೋದ ಕುಟುಂಬಗಳು ಎಷ್ಟೋ. ಊರಲ್ಲಿ ಉಳಿದಿರೋದು ಮಂಡಿ ನೋವಿನ ಅಜ್ಜ, ಇಲ್ಲಾ ಮನೆ, ದನ, ಮಕ್ಕಳು, ಹೊಲ ನಾಲ್ಕನ್ನೂ ಒಬ್ಬಳೇ ನೋಡಿಕೊಳ್ಳೋ ಅಮ್ಮ. ದಿನಾ ಹೊಲ ತಿರುಗೋ ಕಾಕಾ ಅಲ್ಲಿ ಇಲ್ಲ. ಅಂಥ ಕಡೆ ಟೈಮರ್ ಹಾಕಿದ ವಾಲ್ವು ಅರ್ಧ ಗಂಟೆ ಉಳಿಸಿದರೂ ಅದು ದೊಡ್ಡದೇ. ನಮ್ಮ ಗೆಳತಿಯ ಅಮ್ಮನನ್ನ ಕೇಳಿದಾಗ ಅವರು ನಕ್ಕು ಹೇಳಿದ್ದು, ‘ಹೊಲಕ್ಕ ಹೋಗೂದಕ್ಕ ನನಗೇನು ಬ್ಯಾಸರಿಲ್ಲ, ರಾತ್ರಿ ಒಬ್ಬಾಕಿ ಹೋಗೂದಕ್ಕ ಬ್ಯಾಸರ.’ ಅವರಿಗೂ ಮೊದಲು ಬೇಕಾದದ್ದು ಸ್ಟಾರ್ಟರ್ರೇ.

ಕೊಳ್ಳೋ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ನಮ್ಮ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಅದಕ್ಕೆ ಜಾಗವೇ ಇಲ್ಲ: ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ? ಗೇಟ್‌ವಾಲ್ವ್ ಕೆಟ್ಟರೆ ಜೇವರ್ಗಿಯ ಪೈಪಿನ ಅಂಗಡಿಯಲ್ಲಿ ಸಿಗುತ್ತೆ. ಮೋಟರ್ ಸುಟ್ಟರೆ ರಿವೈಂಡಿಂಗ್‌ನವನು ಇದ್ದಾನೆ. ಡ್ರಿಪ್ ಪೈಪನ್ನ ಅಳಿಲು ಕಡಿದರೆ ಒಂದು ಜಾಯಿನರ್ ಹಾಕಿದರೆ ಮುಗೀತು, ಕಾಕಾ ಜೇಬಿನಲ್ಲೇ ನಾಲ್ಕು ಇಟ್ಟುಕೊಂಡಿರ್ತಾರೆ. ಸೆನ್ಸರ್ ಬೋರ್ಡ್ ಸಿಡಿಲಿಗೆ ಹೋದರೆ? ಅದನ್ನ ಮಾಡಿದ ಹುಡುಗರು ಅಷ್ಟರಲ್ಲಿ ಪಾಸಾಗಿ ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಇರ್ತಾರೆ.

ಸಬ್ಸಿಡಿ ದುಡ್ಡು ಇರಲಿ, ಸ್ವಂತ ದುಡ್ಡು ಇರಲಿ, ನಮ್ಮ ಮಟ್ಟಿಗೆ ಅದು ಹೋಗಬೇಕಾದ ಸಾಲು ಹೀಗಿದೆ: ಮೊದಲು ಪೈಪು ಮತ್ತೆ ಡ್ರಿಪ್ಪು, ನೀರೇ ಇಲ್ಲದ ಕಡೆ ಅದಕ್ಕೂ ಮೊದಲು ಕೃಷಿ ಹೊಂಡ. ಆಮೇಲೆ ಸರಿಯಾದ ಸ್ಟಾರ್ಟರ್. ಸೆನ್ಸರ್ ಬರೋದು ಪಾಲಿಹೌಸು, ನರ್ಸರಿ ಇರೋರಿಗೆ, ಅದೂ ಆ ಮಣ್ಣಿಗೆ ಅಳತೆ ಹೊಂದಿಸಿಕೊಟ್ಟ ಮೇಲೆ. ಮಳೆಯ ಅಂದಾಜು ಬೇಕು ಅಂದ್ರೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ, ‘ವರುಣ ಮಿತ್ರ’ ಸಹಾಯವಾಣಿ ಇದೆ. ಪ್ರತಿ ಹೊಲಕ್ಕೂ ಒಂದೊಂದು ಹವಾಮಾನ ಕೇಂದ್ರ ನೆಡೋ ಅಗತ್ಯ ಇಲ್ಲ.

ಮಿನಿ ಪ್ರಾಜೆಕ್ಟಿನ ಹೆಸರು ಕೊಡೋ ದಿನ ಹತ್ತಿರ ಬಂತು. ನಮ್ಮ ತಂಡ ಬರೆದುಕೊಟ್ಟಿರೋದು ‘ಪಂಪ್‌ಸೆಟ್ ಸ್ಟಾರ್ಟರಿಗೆ ರ‍್ಯಾಂಡಮ್ ಡಿಲೇ ಮತ್ತು ಡ್ರೈ ರನ್ ರಕ್ಷಣೆ’. ಹೆಸರು ಕೇಳಿದ ಗೈಡ್ ಸರ್ ‘ಇದರಲ್ಲಿ ಐಒಟಿ ಎಲ್ಲಿದೆ?’ ಅಂದ್ರು, ಆದರೂ ಸಹಿ ಹಾಕಿದ್ರು. ನಾಲ್ವರಲ್ಲಿ ಮೂವರು ಎಲೆಕ್ಟ್ರಾನಿಕ್ಸ್, ಒಬ್ಬಳು ಕಂಪ್ಯೂಟರ್ ಸೈನ್ಸ್. ತ್ರೀಫೇಸ್ ಪೆಟ್ಟಿಗೆ ಬಿಚ್ಚೋಕೆ ಧೈರ್ಯ ಇರೋ ಎಲೆಕ್ಟ್ರಿಕಲ್‌ನವರು ಒಬ್ಬರು ಬೇಕು. ಸಂಕ್ರಾಂತಿ ರಜೆಯಲ್ಲಿ ಅಂದೋಲಾಕ್ಕೆ ಹೋಗೋದಿದೆ. ಕಾಕಾ ಹಳೇ ಸ್ಟಾರ್ಟರ್ ಒಂದನ್ನ ನಮಗೋಸ್ಕರ ತೆಗೆದಿಟ್ಟಿದ್ದಾರೆ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಅವರ ಮನೆಯದು, ಬಸ್ ಚಾರ್ಜ್ ನಿಮ್ಮದು.